ಇಂದಿನ ಧಮ್ಮ ಚಿಂತನೆ: ದೂರದ ಊರಿನ ಮೊದಲ ರಾತ್ರಿ





ನಮ್ಮ ಮಕ್ಕಳು ಈಗ ಓದಿಗೆ, ಕೆಲಸಕ್ಕೆ ವಿಮಾನ ಹತ್ತುತ್ತಿದ್ದಾರೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ತುಂಬಾ ದೀರ್ಘ ಪ್ರಯಾಣ. ಇಳಿಯುವಾಗ ಕಾಲು ಊದಿರುತ್ತದೆ, ಗಂಟಲು ಒಣಗಿರುತ್ತದೆ. ಅಲ್ಲಿ ಹಗಲಾದರೆ ದೇಹಕ್ಕೆ ಇನ್ನೂ ರಾತ್ರಿ. ನಡುರಾತ್ರಿ ಎಚ್ಚರವಾಗಿ ಒಬ್ಬರೇ ಕೂತಾಗ ಮನಸ್ಸು ಶುರು ಮಾಡುತ್ತದೆ: "ಯಾಕಾದರೂ ಬಂದೆನೋ! ಇದು ನನ್ನಂಥವರ ಜಾಗ ಅಲ್ಲ. ನನ್ನ ಕೈಲಾಗಲ್ಲ."

*ಎರಡು ಬಾಣ*
ಸಂಯುತ್ತ ನಿಕಾಯದ ಸಲ್ಲತ್ಥ ಸುತ್ತದಲ್ಲಿ ಭಗವಾನ್ ಬುದ್ಧರು ಎರಡು ಬಾಣಗಳ ಉಪಮೆ ಕೊಡುತ್ತಾರೆ. ದೇಹದ ನೋವು ಮೊದಲ ಬಾಣ. ಆ ನೋವಿಗೆ ಮನಸ್ಸು ಸೇರಿಸುವ ಸಂಕಟ ಎರಡನೆಯದು. ಪ್ರಯಾಣದ ದಣಿವು ಮೊದಲ ಬಾಣ. ದೇಹದ ಗಡಿಯಾರ ಹೊಸ ಊರಿನ ಸೂರ್ಯನಿಗೆ ಹೊಂದಿಕೊಳ್ಳಲು ಕೆಲವು ದಿನ ಬೇಕು, ಆಮೇಲೆ ದಣಿವು ಇಳಿಯುತ್ತದೆ. ಅದು ಅನಿಚ್ಚ. "ನನ್ನ ಕೈಲಾಗಲ್ಲ" ಎಂಬುದು ಎರಡನೇ ಬಾಣ.

*ಹಾಗಾದರೆ ಹೊಸ ಊರಿನ ನೋವೆಲ್ಲ ಮನಸ್ಸಿನದೇ?*
ಅಲ್ಲ. ಬಾಬಾಸಾಹೇಬರು ನ್ಯೂಯಾರ್ಕ್, ಲಂಡನ್‌ಗಳಲ್ಲಿ ಓದಿ, 1917ರಲ್ಲಿ ಬರೋಡ ಸಂಸ್ಥಾನದ ಕೆಲಸಕ್ಕೆ ಬಂದಿಳಿದರು. ಅಲ್ಲಿ ತಂಗಲು ಅವರಿಗೆ ಜಾಗವಿರಲಿಲ್ಲ. ಪಾರ್ಸಿ ಹೆಸರಿನಲ್ಲಿ ಒಂದು ಪಾರ್ಸಿ ವಸತಿಗೃಹದಲ್ಲಿ ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದು ಬಂದವರು ಅವರನ್ನು ಹೊರಹಾಕಿದರು. ಸಂಜೆಯವರೆಗೆ ಉದ್ಯಾನದಲ್ಲಿ ಕೂತು, ರಾತ್ರಿ ರೈಲಿನಲ್ಲಿ ಮುಂಬಯಿಗೆ ಮರಳಿದರು. ಅದು ದಣಿವಲ್ಲ, ಸಮಾಜವೇ ಮಾಡಿದ ದುಃಖ. ಬಾಬಾಸಾಹೇಬರು ಅದನ್ನು ತಮ್ಮ ಕೊರತೆ ಎಂದು ಒಪ್ಪಲಿಲ್ಲ. "ವೇಟಿಂಗ್ ಫಾರ್ ಎ ವೀಸಾ"ದಲ್ಲಿ ದಾಖಲಿಸಿದರು, ಬದುಕಿಡೀ ಅದರ ವಿರುದ್ಧ ಹೋರಾಡಿದರು.

ಜಾತಿ ಇಂದು ವಿಮಾನವನ್ನೂ ಹತ್ತುತ್ತದೆ. ಅಮೆರಿಕದ ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಬೇಕಾಯಿತು.

ದಣಿದ ಮನಸ್ಸಿಗೆ ಇವೆರಡೂ ಕಲಸಿಹೋಗುತ್ತವೆ. ಸುಳ್ಳು ಅಳುಕನ್ನು ಅದು ನಿಜವೆಂದು ನಂಬುತ್ತದೆ. ನಿಜವಾದ ಅವಮಾನವನ್ನು "ನನಗೇ ಸುಸ್ತಾಗಿತ್ತೇನೋ" ಎಂದು ನುಂಗಿಕೊಳ್ಳುತ್ತದೆ. ಬೇರ್ಪಡಿಸಿ ನೋಡುವುದೇ ಸತಿ. ದಣಿವು ನಾಲ್ಕು ರಾತ್ರಿಯ ನಿದ್ದೆಗೆ ಕರಗುತ್ತದೆ, ಅನ್ಯಾಯ ಕರಗುವುದಿಲ್ಲ.

*ಅಭ್ಯಾಸ*
1️⃣ ಇಳಿದ ಮೊದಲ ಕೆಲವು ದಿನ ನಿಮ್ಮ ಬಗ್ಗೆ ಯಾವ ತೀರ್ಪೂ ಕೊಟ್ಟುಕೊಳ್ಳಬೇಡಿ. ಹಗಲ ಬೆಳಕಿನಲ್ಲಿ ನಡೆಯಿರಿ, ನೀರು ಕುಡಿಯಿರಿ.
2️⃣ ರಾತ್ರಿ ಎಚ್ಚರವಾದರೆ ಫೋನ್ ಬದಿಗಿಟ್ಟು ಹತ್ತು ನಿಮಿಷ ಆನಾಪಾನ ಮಾಡಿ. "ಇದು ದಣಿವು" ಎಂದು ಗುರುತಿಸಿ.
3️⃣ ನಿದ್ದೆಯಾದ ಮೇಲೂ ಚುಚ್ಚುವ ಮಾತಿದ್ದರೆ, ಯಾರು, ಎಂದು, ಏನು ಹೇಳಿದರು ಎಂದು ಬರೆದಿಡಿ. ನಂಬಿಕೆಯವರಿಗೆ ತಿಳಿಸಿ.
4️⃣ ಮನೆಯಲ್ಲಿರುವ ಅಪ್ಪ-ಅಮ್ಮಂದಿರೇ, ಹೊತ್ತಲ್ಲದ ಹೊತ್ತಿನಲ್ಲಿ ಮಗಳು ಫೋನ್ ಮಾಡಿದರೆ "ವಾಪಸ್ ಬಂದುಬಿಡು" ಎನ್ನಬೇಡಿ, "ಹೊಂದಿಕೊಂಡು ಹೋಗು" ಎಂದೂ ಅನ್ನಬೇಡಿ. "ಊಟ ಆಯ್ತಾ? ನಿದ್ದೆ ಬಂತಾ?" ಎಂದು ಕೇಳಿ. ಆಮೇಲೆ ಪೂರ್ತಿ ಕೇಳಿಸಿಕೊಳ್ಳಿ.

*ಚರ್ಚೆಗೆ:* ಹೊಸ ಜಾಗದಲ್ಲಿ ನಿಮಗಾದ ಒಂದು ನೋವನ್ನು ನೆನೆಯಿರಿ. ಅದರಲ್ಲಿ ದಣಿವೆಷ್ಟು, ಅನ್ಯಾಯವೆಷ್ಟು?

ಭವತು ಸಬ್ಬ ಮಂಗಲಂ
ಸಾಧು, ಸಾಧು, ಸಾಧು 🙏