ಮಕ್ಕಳ ರೋಗಗಳನ್ನು ಗುರುತಿಸುವ ಬಗೆ



ದೊಡ್ಡವರಿಗೆ ನೋವಾದರೆ ಇಂಥಲ್ಲಿ ನೋಯುವುದೆಂದು ಬಾಯಿಬಿಟ್ಟು ಹೇಳುವರು. ಎಳೆಯ ಕೂಸಿಗಾದರೋ ಅಳುವೊಂದೇ ಭಾಷೆ. ಹಸಿವಿಗೂ ಅದೇ ಅಳು, ಹೊಟ್ಟೆನೋವಿಗೂ ಅದೇ ಅಳು. ರೋಗವು ಬಲವಾದಾಗ ಆ ಅಳುವೂ ನಿಂತುಹೋಗುವುದು. ಆಗ ಮನೆಯವರು, “ಮಗು ಸುಮ್ಮನಾಯಿತು, ಸದ್ಯ ಗುಣವಾಗುತ್ತಿದೆ” ಎಂದು ಸಮಾಧಾನಪಟ್ಟುಕೊಳ್ಳುವುದುಂಟು. ಈ ಸಮಾಧಾನವೇ ಅನೇಕ ವೇಳೆ ಮೃತ್ಯುವಿಗೆ ಎಡೆಮಾಡಿಕೊಡುವುದು. ಅಳುವ ಕೂಸಿಗಿಂತಲೂ ಅಳಲಾರದ ಕೂಸಿನ ವಿಷಯದಲ್ಲಿ ಹೆಚ್ಚು ಎಚ್ಚರವಿರಬೇಕೆಂಬುದೇ ಈ ಲೇಖನದ ಮುಖ್ಯ ಪಾಠ.

ಪರಶುರಾಂಪುರದ ಸೀಮೆಯಲ್ಲಿ ಈ ಪಾಠವು ಶಾಲೆಯ ಹುಡುಗಿಯರಿಗೆ ವಿಶೇಷವಾಗಿ ಬೇಕಾದುದು. ಮಳೆಯನ್ನೇ ನಂಬಿದ ಈ ಬಯಲಿನಲ್ಲಿ ಶೇಂಗಾ ಕೀಳುವ ಕಾಲ ಬಂದಿತೆಂದರೆ ತಾಯಿತಂದೆಗಳು ಮುಂಜಾನೆಯೇ ಹೊಲಕ್ಕೆ ಹೋಗುವರು. ಕುರಿಹಿಂಡಿನೊಡನೆ ಹೊರಟವರು ಬೇಗ ಹಿಂದಿರುಗರು. ಮನೆಯಲ್ಲಿ ಕೂಸಿನ ಬಳಿ ಉಳಿಯುವವರು ಅಜ್ಜಿ, ಇಲ್ಲವೆ ಅಕ್ಕ. ಆಂಧ್ರದ ಗಡಿಗೆ ಹತ್ತಿದ ಹಳ್ಳಿಗಳಿಂದ ಚಳ್ಳಕೆರೆಯ ತಾಲ್ಲೂಕು ಆಸ್ಪತ್ರೆಯನ್ನು ಮುಟ್ಟಲು ಹೊತ್ತು ಹಿಡಿಯುವುದು. ಈಗಲೇ ಹೊರಡಬೇಕೋ, ಬೆಳಗಾಗುವವರೆಗೆ ಕಾಯಬಹುದೋ ಎಂಬ ನಿರ್ಣಯವು ಎಷ್ಟೋ ವೇಳೆ ಆ ಅಕ್ಕನ ಕಣ್ಣಿನ ಮೇಲೆ ನಿಂತಿರುವುದು. ರೋಗಕ್ಕೆ ಹೆಸರಿಡುವುದು ವೈದ್ಯರ ಕೆಲಸ. ಅಪಾಯವನ್ನು ಕಾಣುವುದು ಅಕ್ಕನ ಕೆಲಸ.

೧. ನೋಡುವ ಕ್ರಮ

ಕೂಸನ್ನು ಪರೀಕ್ಷಿಸುವಾಗ ಮೊದಲು ಕೈಯಲ್ಲ, ಕಣ್ಣು ಕೆಲಸ ಮಾಡತಕ್ಕದ್ದು. ಕೂಸು ತಾಯಿಯ ತೊಡೆಯ ಮೇಲೆಯೇ ಇರಲಿ. ಅದು ನಿಮ್ಮನ್ನು ದಿಟ್ಟಿಸಿ ನೋಡುವುದೋ, ದೀಪದ ಕಡೆಗೆ ಕಣ್ಣು ಹೊರಳಿಸುವುದೋ, ಕೈಕಾಲಾಡಿಸುವುದೋ ಎಂಬುದನ್ನು ದೂರದಿಂದಲೇ ಗಮನಿಸಿರಿ. ಆ ಬಳಿಕ ಉಸಿರಾಟವನ್ನು ಎಣಿಸಿರಿ. ಮೈಮುಟ್ಟಿ ನೋಡುವುದೂ ಬಾಯಿ ತೆರೆಸುವುದೂ ಕಡೆಯ ಕೆಲಸ; ಏಕೆಂದರೆ ಒಮ್ಮೆ ಅತ್ತಿತೆಂದರೆ ಉಸಿರಿನ ಲೆಕ್ಕ ತಪ್ಪುವುದು.

ಈ ನಾಲ್ಕು ಲಕ್ಷಣಗಳನ್ನು ಬಾಯಿಪಾಠ ಮಾಡಿಕೊಳ್ಳಿರಿ: ಕೂಸು ಮೊಲೆಯುಣ್ಣಲಾರದು ಅಥವಾ ನೀರು ಕುಡಿಯಲಾರದು, ಕುಡಿದುದೆಲ್ಲವನ್ನೂ ವಾಂತಿಮಾಡುವುದು, ಮೈ ಸೆಟೆದು ಸೆಳವು ಬರುವುದು, ಎಬ್ಬಿಸಿದರೂ ಏಳದೆ ಮಂಕಾಗಿ ಬಿದ್ದಿರುವುದು. ಇವುಗಳಲ್ಲಿ ಒಂದು ಕಂಡರೂ ರೋಗ ಯಾವುದೆಂದು ಯೋಚಿಸುತ್ತ ಕುಳಿತಿರಬಾರದು. ಕೂಡಲೆ ಆಸ್ಪತ್ರೆಗೆ ಹೊರಡಬೇಕು. 108 ಎಂಬ ಸಂಖ್ಯೆಗೆ ಕರೆಮಾಡಿದರೆ ಆಂಬುಲೆನ್ಸ್ ಬರುವ ಏರ್ಪಾಡು ನಮ್ಮ ರಾಜ್ಯದಲ್ಲಿ 2008ರಿಂದ ಇರುವುದು.

೨. ಕೆಮ್ಮು ಮತ್ತು ಉಸಿರು

ನೆಗಡಿ ಕೆಮ್ಮುಗಳಲ್ಲಿ ಹೆಚ್ಚಿನವು ತಾವಾಗಿಯೇ ವಾಸಿಯಾಗುವುವು. ಅವುಗಳ ನಡುವೆ ಅಡಗಿರುವ ನ್ಯುಮೋನಿಯವನ್ನು ಕಂಡುಹಿಡಿಯಲು ಗಡಿಯಾರವೊಂದಿದ್ದರೆ ಸಾಕು. ಕೂಸು ಶಾಂತವಾಗಿರುವಾಗ ಅಂಗಿಯನ್ನು ಮೇಲಕ್ಕೆತ್ತಿ, ಹೊಟ್ಟೆ ಏರಿಳಿಯುವುದನ್ನು ಒಂದು ನಿಮಿಷ ಪೂರ್ತಿಯಾಗಿ ಎಣಿಸಬೇಕು. ಎರಡು ತಿಂಗಳು ತುಂಬದ ಕೂಸಿಗೆ 60 ಅಥವಾ ಅದಕ್ಕೆ ಮೇಲೆ, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಮೇಲೆ, ಒಂದರಿಂದ ಐದು ವರ್ಷದೊಳಗೆ 40 ಅಥವಾ ಮೇಲೆ ಎಣಿಕೆ ಬಂದರೆ ಅದು ವೇಗದ ಉಸಿರು. ಆ ದಿನವೇ ವೈದ್ಯರಿಗೆ ತೋರಿಸಬೇಕು. ಉಸಿರನ್ನು ಒಳಕ್ಕೆಳೆಯುವಾಗ ಪಕ್ಕೆಯ ಕೆಳಭಾಗವು ಹೊರಕ್ಕೆ ಬರುವುದಕ್ಕೆ ಬದಲಾಗಿ ಒಳಕ್ಕೆ ಗುಳಿಬಿದ್ದರೆ ಅಪಾಯವು ಇನ್ನೂ ಹೆಚ್ಚು. ತುಟಿ, ನಾಲಗೆಗಳು ನೀಲಿಯಾದರೆ ಒಂದು ಗಳಿಗೆಯೂ ತಡೆಯಬಾರದು.

೩. ಭೇದಿ

ಭೇದಿಯಾದ ಮಗುವನ್ನು ಕೊಲ್ಲುವುದು ಬಹುಮಟ್ಟಿಗೆ ಮೈಯ ನೀರು ಉಪ್ಪುಗಳು ಹೊರಟುಹೋಗುವುದೇ. ಕಣ್ಣುಗಳು ಗುಳಿಬಿದ್ದಿವೆಯೇ, ಮಗು ಚಡಪಡಿಸುತ್ತ ಆತುರದಿಂದ ನೀರು ಕುಡಿಯುವುದೇ ಎಂಬುದನ್ನು ನೋಡಿರಿ. ಹೊಕ್ಕುಳಿಗೂ ಪಕ್ಕೆಗೂ ನಡುವೆ ಹೊಟ್ಟೆಯ ಚರ್ಮವನ್ನು ಮೆಲ್ಲನೆ ಹಿಡಿದೆತ್ತಿ ಬಿಡಿರಿ. ಆರೋಗ್ಯವಂತ ಮಗುವಿನಲ್ಲಿ ಅದು ತಟ್ಟನೆ ಸಮವಾಗುವುದು. ನೀರು ಬತ್ತಿದ ಮಗುವಿನಲ್ಲಿ ಮೆಲ್ಲಗೆ ಇಳಿಯುವುದು. ಎರಡು ಸೆಕೆಂಡುಗಳಿಗಿಂತಲೂ ಹೆಚ್ಚು ಹೊತ್ತು ಮಡಿಕೆ ನಿಂತರೆ ಅದು ಘೋರಸ್ಥಿತಿ.

ಭೇದಿಗೆ ನೀರು ನಿಲ್ಲಿಸುವುದು ದೊಡ್ಡ ತಪ್ಪು. 1971ರಲ್ಲಿ ಬಂಗಾಳದ ಬನಗಾಂವ್ ಎಂಬಲ್ಲಿ ನಿರಾಶ್ರಿತರ ಶಿಬಿರಕ್ಕೆ ಕಾಲರಾ ತಗಲಿ, ರಕ್ತನಾಳಕ್ಕೆ ಏರಿಸುವ ದ್ರವವು ಮುಗಿದುಹೋಗುತ್ತ ಬಂದಾಗ, ಡಾಕ್ಟರ್ ದಿಲೀಪ್ ಮಹಲನೋಬಿಸರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿದರು. ಶೇಕಡಾ 30ರಷ್ಟಿದ್ದ ಮರಣವು ಶೇಕಡಾ 4ಕ್ಕೂ ಕೆಳಗಿಳಿಯಿತು. ರೋಗಿಗಳಿಗೆ ಅದನ್ನು ಕುಡಿಸಿದವರಲ್ಲಿ ಅವರವರ ಮನೆಯವರೂ ಇದ್ದರು. ಇಂದು ಆಶಾ ಕಾರ್ಯಕರ್ತೆಯರ ಬಳಿ ದೊರೆಯುವ ಓ.ಆರ್.ಎಸ್. ಪುಡಿಯು ಅದೇ ಜಾತಿಯದು. ಲೀಟರಿನ ಪೊಟ್ಟಣವೊಂದನ್ನು ಕುದಿಸಿ ಆರಿಸಿದ ಒಂದು ಲೀಟರು ನೀರಿನಲ್ಲಿ ಪೂರ್ತಿಯಾಗಿ ಕರಗಿಸಿ, ಚಮಚದಿಂದ ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು; ಒಂದು ದಿನ ಕಳೆದರೆ ಚೆಲ್ಲಬೇಕು. ಎದೆಹಾಲನ್ನು ಎಂದಿಗೂ ನಿಲ್ಲಿಸತಕ್ಕದ್ದಲ್ಲ. ಮಲದಲ್ಲಿ ರಕ್ತ ಕಂಡರೆ ವೈದ್ಯರ ಬಳಿಗೆ ಹೋಗಬೇಕು.

೪. ಜ್ವರ, ಗುಳ್ಳೆ, ಸೆಳವು

ಎರಡು ತಿಂಗಳೊಳಗಿನ ಕೂಸಿಗೆ ಬಂದ ಯಾವ ಜ್ವರವೂ ಅಲ್ಪವಲ್ಲ. ದೊಡ್ಡ ಮಕ್ಕಳಲ್ಲಿ ಜ್ವರದ ಬಿಸಿಗಿಂತಲೂ ಮಗುವಿನ ನಡತೆಯೇ ಹೆಚ್ಚಿನ ಸಾಕ್ಷಿ. ಜ್ವರವಿದ್ದೂ ಆಡುವ ಮಗುವಿಗಿಂತ, ಜ್ವರ ಇಳಿದರೂ ಮಂಕಾಗಿರುವ ಮಗು ಹೆಚ್ಚು ಅಪಾಯದಲ್ಲಿರುವುದು. ಜ್ವರದೊಡನೆ ಕತ್ತು ಬಗ್ಗದೆ ಸೆಟೆದಿದ್ದರೆ ಮಿದುಳಿನ ಪೊರೆಗೆ ರೋಗ ತಗಲಿರಬಹುದು.

ಮೈಮೇಲೆ ಗುಳ್ಳೆಗಳೆದ್ದರೆ ನಮ್ಮವರು “ಅಮ್ಮ” ಎನ್ನುವರು. ನಿಜವಾದ ಸಿಡುಬು ಲೋಕದಿಂದಲೇ ಅಳಿದುಹೋಯಿತೆಂದು 1980ರಲ್ಲಿ ಸಾರಲಾಯಿತು. ಈಗ ಕಾಣುವುದು ಸಾಮಾನ್ಯವಾಗಿ ದಡಾರ ಇಲ್ಲವೆ ಸೀತಾಳೆ ಸಿಡುಬು. ದಡಾರದಲ್ಲಿ ಮೊದಲು ಜ್ವರ, ಕೆಮ್ಮು, ಮೂಗು ಸುರಿಯುವಿಕೆ, ಕೆಂಗಣ್ಣುಗಳು ಬಂದು, ಆಮೇಲೆ ಕಿವಿಯ ಹಿಂದೆಯೂ ಮುಖದಲ್ಲಿಯೂ ಕೆಂಪು ಕಲೆಗಳು ತೋರಿ ಮೈಗೆ ಇಳಿಯುವುವು. ಸೀತಾಳೆ ಸಿಡುಬಿನಲ್ಲಿ ನೀರು ತುಂಬಿದ ಬೊಕ್ಕೆಗಳು ತಂಡತಂಡವಾಗಿ ಏಳುವುವು. ಬೇವಿನ ಸೊಪ್ಪನ್ನು ಬಾಗಿಲಿಗೆ ಕಟ್ಟುವುದರಿಂದ ಕೇಡೇನೂ ಇಲ್ಲ. ಆದರೆ ಔಷಧವನ್ನೂ ಆಹಾರವನ್ನೂ ತಡೆಯುವುದರಿಂದ ಕೇಡಿದೆ. ದಡಾರವಾದ ಮಗುವಿಗೆ ನ್ಯುಮೋನಿಯವಾಗಲಿ ಕಣ್ಣಿನ ಕುರುಡಾಗಲಿ ಬರಬಹುದಾದುದರಿಂದ ಅದನ್ನು ವೈದ್ಯರಿಗೆ ತೋರಿಸಲೇಬೇಕು. ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಇನ್ನೊಮ್ಮೆ ಹಾಕಿಸುವ ಚುಚ್ಚುಮದ್ದು ಈ ರೋಗವನ್ನು ದೂರವಿಡುವುದು.

ಸೆಳವು ಬಂದ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಿಗಿಯಾದ ಬಟ್ಟೆಯನ್ನು ಸಡಿಲಿಸಬೇಕು. ಬಾಯಿಗೆ ನೀರಾಗಲಿ ಚಮಚವಾಗಲಿ ಹಾಕಬಾರದು. ಕೈಗೆ ಕಬ್ಬಿಣ ಕೊಟ್ಟರೆ ಸೆಳವು ನಿಲ್ಲುವುದಿಲ್ಲ. ಹೊಟ್ಟೆಯ ಮೇಲೆ ಬರೆ ಹಾಕುವುದಂತೂ ಇರುವ ನೋವಿಗೆ ಸುಟ್ಟ ಗಾಯವನ್ನು ಸೇರಿಸುವುದೇ ಹೊರತು ಯಾವ ರೋಗವನ್ನೂ ಗುಣಪಡಿಸದು.

೫. ಹಸುಗೂಸು ಮತ್ತು ಸೊರಗಿದ ಮಗು

ಹಸುಗೂಸಿಗೆ ಬಿಸಿಯಂತೆಯೇ ತಣ್ಣನೆಯೂ ಶತ್ರು. ಅಂಗೈ ಅಂಗಾಲುಗಳೊಡನೆ ಹೊಟ್ಟೆಯೂ ತಣ್ಣಗಿದ್ದರೆ ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಒರಗಿಸಿ, ಮೇಲೆ ಹೊದಿಸಿ, ಹಾಗೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕೆಲವು ಹಟ್ಟಿಗಳಲ್ಲಿ ಬಾಣಂತಿಯನ್ನೂ ಕೂಸನ್ನೂ ಹೊರಗಿನ ಗುಡಿಸಲಿನಲ್ಲಿ ಇರಿಸುವ ವಾಡಿಕೆಯಿದೆ. 2023ರಲ್ಲಿ ತುಮಕೂರಿನ ಸಮೀಪದ ಹಟ್ಟಿಯೊಂದರಲ್ಲಿ ಹೀಗಿದ್ದ ಕೂಸೊಂದು ಶೀತಕ್ಕೆ ಸಿಕ್ಕಿ ತೀರಿಕೊಂಡಿತು. ಯಾರನ್ನೂ ಹೀಯಾಳಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಯಾವ ತಾಯಿಯೂ ಕೂಸಿಗೆ ಕೇಡು ಬಯಸಳು. ಚಳಿಯೂ ರೋಗವೇ ಎಂಬುದನ್ನು ವಿನಯದಿಂದ ತಿಳಿಸುವವರು ಬೇಕು, ಅಷ್ಟೆ. ಹುಟ್ಟಿದ ದಿನವೇ ಮೈ ಹಳದಿಯಾದರೆ, ಅಥವಾ ಎಂದಾದರೂ ಹಳದಿಯು ಅಂಗೈ ಅಂಗಾಲುಗಳಿಗೆ ಇಳಿದರೆ, ಅದು ಬಿಸಿಲು ಕಾಸಿ ಕಳೆಯುವ ಕಾಮಾಲೆಯಲ್ಲ.

ಸೊರಗುವ ಮಗುವಿನಲ್ಲಿ ರೋಗವು ಮೆಲ್ಲನೆ ಬರುವುದರಿಂದ ಯಾರ ಕಣ್ಣಿಗೂ ಬೀಳದು. ಅಂಗೈಯನ್ನು ನಿಮ್ಮ ಅಂಗೈಯ ಪಕ್ಕದಲ್ಲಿಟ್ಟು ನೋಡಿರಿ, ಬಿಳಿಚಿಕೊಂಡಿದ್ದರೆ ರಕ್ತಹೀನತೆ. ಎರಡು ಪಾದಗಳನ್ನೂ ಹೆಬ್ಬೆರಳಿನಿಂದ ಒತ್ತಿದಾಗ ಗುಳಿ ಉಳಿದರೆ ಅದು ಕೊಬ್ಬಲ್ಲ, ಬಾವು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ಕಡುಹಸಿವಿನ ಗುರುತು. ಅಂಗನವಾಡಿಯಲ್ಲಿ ಇದನ್ನು ಅಳೆಯಿಸಬಹುದು.

ಮುಕ್ತಾಯ

ಮಿಷನ್ನಿನ ಕೆಲಸದಲ್ಲಿ ಶಾಲೆಯೂ ಆಸ್ಪತ್ರೆಯೂ ಜೊತೆಯಾಗಿಯೇ ಬೆಳೆದುಬಂದಿವೆ. ಸ್ತ್ರೀಯರಿಗಾಗಿಯೂ ಮಕ್ಕಳಿಗಾಗಿಯೂ ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ತೆರೆದರು. ಆದರೆ ಎಷ್ಟು ಆಸ್ಪತ್ರೆಗಳಿದ್ದರೇನು? ಕೂಸನ್ನು ಹೊತ್ತಿಗೆ ಸರಿಯಾಗಿ ಅಲ್ಲಿಗೆ ತರುವವರಿಲ್ಲದಿದ್ದರೆ ಅವು ಬರಿಯ ಕಟ್ಟಡಗಳು. ಯಾಯೀರನ ಹನ್ನೆರಡು ವರ್ಷದ ಮಗಳನ್ನು ಎಬ್ಬಿಸಿದ ಯೇಸುಸ್ವಾಮಿಯು ಅವಳಿಗೆ ಊಟ ಕೊಡಬೇಕೆಂದು ಮನೆಯವರಿಗೆ ಹೇಳಿದುದನ್ನು ನೆನೆಯಿರಿ. ಮನೆಯವರು ಮಾಡಬೇಕಾದ ಕೆಲಸವನ್ನು ಆತನು ಮನೆಯವರಿಗೇ ಬಿಟ್ಟನು.

ಆದುದರಿಂದ ವೈದ್ಯರ ಮುಂದೆ ನಿಂತಾಗ “ಮಗುವಿಗೆ ಹುಷಾರಿಲ್ಲ” ಎಂದಷ್ಟೇ ಹೇಳಬೇಡಿರಿ. “ಎಂಟು ತಿಂಗಳ ಕೂಸು, ನಿನ್ನೆ ಸಂಜೆಯಿಂದ ಮೊಲೆಯುಂಡಿಲ್ಲ, ಉಸಿರು ನಿಮಿಷಕ್ಕೆ 56” ಎಂದು ಹೇಳಿರಿ. ಈ ಮಾತನ್ನು ಹೇಳಲು ಬಲ್ಲ ಅಕ್ಕನಿದ್ದರೆ, ಮಾತು ಬಾರದ ಕೂಸಿಗೂ ಬಾಯಿ ಬಂದಂತೆ.