ಉಬುಂಟು ಗಣಕಯಂತ್ರದಲ್ಲಿ ವೆಬ್‌ಕ್ಯಾಮ್: ಜೋಡಣೆ ಮತ್ತು ಪರೀಕ್ಷೆಯ ಕ್ರಮ

ತಾಲ್ಲೂಕು ಹಾಗೂ ಜಿಲ್ಲಾ ಮಟ್ಟದ ಪ್ರಗತಿ ಪರಿಶೀಲನೆ, ತರಬೇತಿ ಮತ್ತು ಅಹವಾಲು ಆಲಿಕೆಗಳಲ್ಲಿ ಹಲವು ಈಗ ವಿಡಿಯೋ ಸಂವಾದದ ಮೂಲಕ ನಡೆಯುತ್ತಿವೆ. ಕೂಲಿ ಬಾಕಿಯ ಕುರಿತು ಹೇಳಿಕೊಳ್ಳಲು ಒಂದು ದಿನದ ದುಡಿಮೆ ಬಿಟ್ಟು ಬಂದ ಮಹಿಳೆ ಗ್ರಾಮ ಪಂಚಾಯತಿ ಕಚೇರಿಯಲ್ಲಿ ಕುಳಿತಿರುವಾಗ ನಮ್ಮ ಪರದೆ ಕಪ್ಪಾಗಿದ್ದರೆ, ಆಕೆಯ ಸರದಿ ‘ಸಂಪರ್ಕ ದೊರೆಯಲಿಲ್ಲ’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಆದುದರಿಂದ ಉಬುಂಟು ಬಳಸುವ ಕಚೇರಿಗಳ ಸಿಬ್ಬಂದಿ ಮಿತ್ರರ ಅಭ್ಯಾಸಕ್ಕಾಗಿ ಈ ಪಾಠವನ್ನು ಸಿದ್ಧಪಡಿಸಲಾಗಿದೆ.

ಪಾಠದ ಸಾರ ಇಷ್ಟೆ: ಚಿತ್ರವು ಕೇಬಲ್, ಕರ್ನಲ್, ಕ್ಯಾಮೆರಾ ತಂತ್ರಾಂಶ, ಬ್ರೌಸರ್ ಎಂಬ ನಾಲ್ಕು ಬಾಗಿಲುಗಳನ್ನು ದಾಟಿ ಹೊರಗೆ ಹೋಗುತ್ತದೆ. ಯಾವ ಬಾಗಿಲು ಮುಚ್ಚಿದೆ ಎಂಬುದನ್ನು ಅದೇ ಕ್ರಮದಲ್ಲಿ ನೋಡಿದ ಮೇಲಷ್ಟೇ ಕ್ಯಾಮೆರಾ ಕೆಟ್ಟಿದೆ ಎಂದು ನಿರ್ಧರಿಸಬೇಕು. ಮುಂದಿನ ಆದೇಶಗಳನ್ನು ಉಚ್ಚಾರಣೆಯಂತೆ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡತಕ್ಕದ್ದು.

ಹಂತ 1: ಕೇಬಲ್

ಕ್ಯಾಮೆರಾ ಜೋಡಿಸುವ ಮುನ್ನ ಟರ್ಮಿನಲ್ ತೆರೆದು ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆದೇಶ ನೀಡಿ, ಬರುವ ಸಾಲುಗಳನ್ನು ಎಣಿಸಿಕೊಳ್ಳಿ. ಬಳಿಕ ಕ್ಯಾಮೆರಾವನ್ನು ಸಿಪಿಯು ಪೆಟ್ಟಿಗೆಯ ಹಿಂಬದಿಯ ಯುಎಸ್‌ಬಿ ಪೋರ್ಟಿಗೆ ನೇರವಾಗಿ ಜೋಡಿಸಿ, ಅದೇ ಆದೇಶವನ್ನು ಮತ್ತೊಮ್ಮೆ ನೀಡಿ. ಒಂದು ಸಾಲು ಹೆಚ್ಚಾದರೆ ಗಣಕಯಂತ್ರಕ್ಕೆ ಕ್ಯಾಮೆರಾ ಕಂಡಿದೆ ಎಂದರ್ಥ. ಹೆಚ್ಚಾಗದಿದ್ದರೆ ಪೋರ್ಟ್ ಬದಲಿಸಿ. ನಂತರ ಅದೇ ಕ್ಯಾಮೆರಾವನ್ನು ಬೇರೆ ಗಣಕಯಂತ್ರದಲ್ಲಿ ನೋಡಿ.

ಯುಎಸ್‌ಬಿ 2.0 ಕೇಬಲ್‌ನ ಉದ್ದಕ್ಕೆ 5 ಮೀಟರ್ ಮಿತಿಯಿದೆ. ನಮ್ಮ ಸಭಾಂಗಣದಲ್ಲಿ ಸಭೆಯ ನಡುವೆ ಕ್ಯಾಮೆರಾ ಪದೇ ಪದೇ ಮಾಯವಾಗುತ್ತಿತ್ತು. ಹೊಸದನ್ನು ಕೊಳ್ಳಲು ದರಪಟ್ಟಿ ತರಿಸುವ ಮಾತೂ ಬಂದಿತ್ತು. ಒಂದಕ್ಕೊಂದು ಸೇರಿಸಿ ವೇದಿಕೆಯವರೆಗೆ ಎಳೆದಿದ್ದ ವಿಸ್ತರಣಾ ಕೇಬಲ್‌ಗಳನ್ನು ತೆಗೆದು, ಗಣಕಯಂತ್ರವನ್ನೇ ವೇದಿಕೆಯ ಬಳಿಗೆ ತಂದಾಗ ಅದೇ ಕ್ಯಾಮೆರಾ ಸಭೆ ಮುಗಿಯುವವರೆಗೆ ನಡೆಯಿತು. ಖರ್ಚು ಉಳಿಯಿತು.

ಹಂತ 2: ಕರ್ನಲ್

ಯುವಿಸಿ ಎಂಬ ಸಾಮಾನ್ಯ ಮಾನದಂಡಕ್ಕೆ ಅನುಗುಣವಾದ ಕ್ಯಾಮೆರಾಗಳಿಗೆ ಬೇಕಾದ ಚಾಲಕವು 2008ರಲ್ಲಿ ಬಿಡುಗಡೆಯಾದ ಲಿನಕ್ಸ್ ಕರ್ನಲ್ 2.6.26ರಿಂದಲೂ ಕರ್ನಲ್‌ನೊಳಗೇ ಇದೆ. ಪೆಟ್ಟಿಗೆಯಲ್ಲಿ ಬರುವ ವಿಂಡೋಸ್ ಸಿಡಿಯ ಅಗತ್ಯವಿಲ್ಲ. ಹೊಸ ಕ್ಯಾಮೆರಾ ಖರೀದಿಸುವಾಗ ‘ಯುವಿಸಿ’ ಎಂಬ ನಮೂದಿದೆಯೇ ಎಂದು ನೋಡಿದರೆ ಸಾಕು.

‘ಎಲ್‌ಎಸ್ /ಡೆವ್/ವಿಡಿಯೋ*’ ಎಂಬ ಆದೇಶ ನೀಡಿದಾಗ ‘ವಿಡಿಯೋ0’ ಎಂಬ ಹೆಸರು ಕಾಣಬೇಕು. ಒಂದೇ ಕ್ಯಾಮೆರಾ ಇದ್ದರೂ ‘ವಿಡಿಯೋ1’ ಎಂಬ ಎರಡನೆಯ ಹೆಸರು ಕಂಡರೆ ಗಾಬರಿ ಬೇಡ. ಸಾಮಾನ್ಯವಾಗಿ ಮೊದಲನೆಯದು ಚಿತ್ರವನ್ನೂ, ಎರಡನೆಯದು ಚಿತ್ರದ ಕುರಿತ ಪೂರಕ ಮಾಹಿತಿಯನ್ನೂ ಒಯ್ಯುತ್ತದೆ. ಹಂತ 1ರಲ್ಲಿ ಸಾಲು ಹೆಚ್ಚಾಗಿ, ಇಲ್ಲಿ ಯಾವ ಹೆಸರೂ ಬಾರದಿದ್ದರೆ ಆ ಕ್ಯಾಮೆರಾಗೆ ತಕ್ಕ ಚಾಲಕ ದೊರೆತಿಲ್ಲ ಎಂದು ತಿಳಿಯಬಹುದು.

ಹಂತ 3: ಕ್ಯಾಮೆರಾ ತಂತ್ರಾಂಶ

ಈಗ ‘ಚೀಸ್’ ತಂತ್ರಾಂಶವನ್ನು ತೆರೆಯಿರಿ. ಇಲ್ಲವಾದಲ್ಲಿ ‘ಜಿಯುವಿಸಿವ್ಯೂ’ ಸ್ಥಾಪಿಸಿಕೊಳ್ಳಿ. ಚಿತ್ರ ಬಾರದೆ ಪರದೆ ಪೂರ್ತಿ ಕಪ್ಪಾಗಿದ್ದರೆ ಮೊದಲು ಮಸೂರದ ಮುಂದಿನ ಮುಚ್ಚಳವನ್ನು ಸರಿಸಿ ನೋಡಿ.

ಬರುವ ಚಿತ್ರ ತಡೆತಡೆದು ಚಲಿಸಿದರೆ ಲೆಕ್ಕ ಹೀಗಿದೆ. 1280x720 ಅಳತೆಯ ಸಂಕುಚಿಸದ ಚಿತ್ರವನ್ನು ಸೆಕೆಂಡಿಗೆ 30 ಚೌಕಟ್ಟಿನಂತೆ ಕಳುಹಿಸಲು ಸೆಕೆಂಡಿಗೆ ಸುಮಾರು 55 ಮೆಗಾಬೈಟ್ ಬೇಕು. ಯುಎಸ್‌ಬಿ 2.0ರ ಗರಿಷ್ಠ ಸಾಮರ್ಥ್ಯವೇ 60 ಮೆಗಾಬೈಟ್. ಬಳಕೆಗೆ ಸಿಗುವುದು ಅದಕ್ಕಿಂತ ಕಡಿಮೆ. ಜಿಯುವಿಸಿವ್ಯೂ ತಂತ್ರಾಂಶದಲ್ಲಿ ಚಿತ್ರದ ಸ್ವರೂಪವನ್ನು ‘ಎಂಜೆಪಿಜಿ’ ಎಂದು ಬದಲಿಸಿದರೆ ಕ್ಯಾಮೆರಾ ಚಿತ್ರವನ್ನು ಸಂಕುಚಿಸಿ ಕಳುಹಿಸುತ್ತದೆ. ಅಥವಾ ಅಳತೆಯನ್ನು 640x480ಕ್ಕೆ ಇಳಿಸಿ. ಆಗ ಸಂಕುಚಿಸದಿದ್ದರೂ ಸುಮಾರು 18 ಮೆಗಾಬೈಟ್ ಸಾಕು.

ಟ್ಯೂಬ್‌ಲೈಟ್ ಬೆಳಕಿನಲ್ಲಿ ಪರದೆಯ ಮೇಲೆ ಪಟ್ಟಿಗಳು ಹರಿದಂತೆ ಕಂಡರೆ ‘ಪವರ್ ಲೈನ್ ಫ್ರೀಕ್ವೆನ್ಸಿ’ ಎಂಬಲ್ಲಿ 50 ಹರ್ಟ್ಸ್ ಆಯ್ಕೆಮಾಡಿ. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್‌ನದು. ಕ್ಯಾಮೆರಾ 60ಕ್ಕೆ ಹೊಂದಿಕೊಂಡಿದ್ದರೆ ಈ ತೊಂದರೆ ಬರುತ್ತದೆ.

ಹಂತ 4: ಬ್ರೌಸರ್

ಚೀಸ್ ತಂತ್ರಾಂಶವನ್ನು ಮುಚ್ಚಿದ ನಂತರವೇ ಸಭೆಯ ಕೊಂಡಿಯನ್ನು ತೆರೆಯಿರಿ. ಸಾಮಾನ್ಯವಾಗಿ ಒಂದು ಕ್ಯಾಮೆರಾದ ಚಿತ್ರವನ್ನು ಒಮ್ಮೆಗೆ ಒಂದೇ ತಂತ್ರಾಂಶ ಪಡೆಯಬಲ್ಲದು. ಕ್ಯಾಮೆರಾ ಮತ್ತು ಮೈಕ್ ಬಳಸಲು ಬ್ರೌಸರ್ ಅನುಮತಿ ಕೇಳಿದಾಗ ‘ಅಲೋ’ ಒತ್ತಿ. ಹಿಂದೆ ಯಾರಾದರೂ ‘ಬ್ಲಾಕ್’ ಒತ್ತಿದ್ದರೆ ವಿಳಾಸ ಪಟ್ಟಿಯ ಎಡತುದಿಯ ಚಿಹ್ನೆಯನ್ನು ಕ್ಲಿಕ್ಕಿಸಿ ಆ ನಿರ್ಬಂಧವನ್ನು ತೆಗೆಯಿರಿ. ಚೀಸ್‌ನಲ್ಲಿ ಸ್ಪಷ್ಟವಾಗಿದ್ದ ಚಿತ್ರ ಸಭೆಯಲ್ಲಿ ಮಾತ್ರ ಮಸುಕಾದರೆ ಕ್ಯಾಮೆರಾವನ್ನು ದೂರಬೇಡಿ. ಅಂತರಜಾಲದ ವೇಗವನ್ನು ಪರಿಶೀಲಿಸಿ.

ಅಹವಾಲುದಾರರ ಕುರ್ಚಿಯಿಂದ ಪರೀಕ್ಷೆ

ಪರೀಕ್ಷೆಯನ್ನು ಗಣಕಯಂತ್ರದ ಮುಂದೆ ಕುಳಿತೇ ಮುಗಿಸಬಾರದು. ‘ಸೆಟ್ಟಿಂಗ್ಸ್’ನ ‘ಸೌಂಡ್’ ವಿಭಾಗದಲ್ಲಿ ಇನ್‌ಪುಟ್ ಆಗಿ ಕ್ಯಾಮೆರಾದ ಮೈಕನ್ನು ಆರಿಸಿ. ಸಾರ್ವಜನಿಕರು ಕೂರುವ ಕುರ್ಚಿಯಲ್ಲಿ ಸಹೋದ್ಯೋಗಿಯೊಬ್ಬರನ್ನು ಕೂರಿಸಿ, ಎಂದಿನ ಮೆಲುದನಿಯಲ್ಲಿ ಮಾತನಾಡಲು ಹೇಳಿ. ಧ್ವನಿಯ ಮಟ್ಟ ತೋರಿಸುವ ಪಟ್ಟಿ ಅಲುಗದಿದ್ದರೆ ಕುರ್ಚಿಯನ್ನು ಹತ್ತಿರ ತನ್ನಿ. ಅಧಿಕಾರಿಯ ಮುಂದೆ ಮೊದಲ ಬಾರಿ ಮಾತನಾಡುವವರಿಗೆ ‘ಗಟ್ಟಿಯಾಗಿ ಹೇಳಿ’ ಎಂದು ಪದೇ ಪದೇ ಹೇಳಿದರೆ ಇರುವ ಧೈರ್ಯವೂ ಕುಗ್ಗುತ್ತದೆ. ಕಿಟಕಿ ಅವರ ಬೆನ್ನ ಹಿಂದೆ ಇರಬಾರದು. ಇದ್ದರೆ ಮುಖ ಕಪ್ಪಾಗಿ ಕಾಣುತ್ತದೆ. ಬೆಳಕು ಮುಖದ ಮೇಲೆ ಬೀಳಲಿ. ಜಾಬ್ ಕಾರ್ಡನ್ನು ಕ್ಯಾಮೆರಾದ ಮುಂದೆ ಹಿಡಿದು, ಅದರ ಸಂಖ್ಯೆ ಓದಲು ಬರುತ್ತದೆಯೇ ಎಂದು ನೋಡಿ.

ಅನುಸರಿಸತಕ್ಕ ಕ್ರಮ

1. ಮೇಲಿನ ಪರೀಕ್ಷೆಯನ್ನು ಸಂವಾದದ ಹಿಂದಿನ ದಿನವೇ ಪೂರ್ಣಗೊಳಿಸುವುದು. ಅದೇ ದಿನ ಸಭೆಗೆ ಅರ್ಧ ಗಂಟೆ ಮುಂಚೆ ಹಂತ 3 ಮತ್ತು 4ನ್ನು ಮತ್ತೊಮ್ಮೆ ನೋಡುವುದು.

2. ಸರಿಯಾಗಿ ನಡೆದ ಪೋರ್ಟಿಗೆ ಬಣ್ಣದ ಚೀಟಿ ಅಂಟಿಸುವುದು. ಚಿತ್ರದ ಅಳತೆ ಮತ್ತು ಸ್ವರೂಪವನ್ನು ಒಂದು ಹಾಳೆಯಲ್ಲಿ ಬರೆದು ಗಣಕಯಂತ್ರದ ಬಳಿ ಇಡುವುದು. ಗಣಕಯಂತ್ರ ನಿರ್ವಾಹಕರು ರಜೆಯಲ್ಲಿದ್ದರೂ ಕರವಸೂಲಿಗಾರರು ಕ್ಯಾಮೆರಾ ನಡೆಸುವಂತಿರಬೇಕು.

3. ದುರಸ್ತಿ ಅಥವಾ ಹೊಸ ಖರೀದಿಯ ಪ್ರಸ್ತಾವದಲ್ಲಿ ಯಾವ ಹಂತದಲ್ಲಿ ದೋಷ ಕಂಡಿತೆಂಬುದನ್ನು ನಮೂದಿಸುವುದು.

4. ಸಂವಾದ ಮುಗಿದೊಡನೆ ಕ್ಯಾಮೆರಾವನ್ನು ಕಳಚಿಡುವುದು. ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಪುಸ್ತಕ ಮತ್ತು ಮನೆಯ ಕಷ್ಟಗಳೊಂದಿಗೆ ಜನರು ನಮ್ಮ ಮೇಜಿನ ಮುಂದೆ ಬರುತ್ತಾರೆ. ಅವೆಲ್ಲವೂ ಅವರ ಖಾಸಗಿ ಸಂಗತಿಗಳು.