ಉಜ್ಜಿದ ಮೇಲೆ ಕಾಯಬೇಡಿ: ಮರದ ಪಾಲಿಶ್‌ಗೆ ಏಳು ಸೂತ್ರಗಳು

ಬಡಗಿ ತೇಗದ ಹೆಬ್ಬಾಗಿಲನ್ನು ನುಣ್ಣಗೆ ಉಜ್ಜಿ, ಗೋಡೆಗೊರಗಿಸಿ ಹೋಗುತ್ತಾನೆ. ಪಾಲಿಶ್‌ನವರು ಬರುವುದು ಹತ್ತು ದಿನ ಕಳೆದು. ಮುಟ್ಟಿದರೆ ಆಗಲೂ ನುಣುಪೇ, ಬಳಿದೂಬಿಡುತ್ತಾರೆ. ಗೃಹಪ್ರವೇಶ ಮುಗಿದು ಮಳೆಗಾಲ ಬರುವಷ್ಟರಲ್ಲಿ ಪದರ ಏಳತೊಡಗುತ್ತದೆ. ಬೈಗುಳ ಪಾಲಿಶ್ ಡಬ್ಬಿಗೆ. ತಪ್ಪು ಎಷ್ಟೋ ಸಲ ಆ ಹತ್ತು ದಿನದ್ದು.

1. ಕಾಯುವುದನ್ನು ಮೊದಲೇ ಕಾಯಿರಿ
ಮರ ಆರಬೇಕು, ನಿಜ. ಆದರೆ ಅದು ಉಜ್ಜುವುದಕ್ಕೆ ಮುಂಚಿನ ಮಾತು. ಚನ್ನಪಟ್ಟಣದ ಬೊಂಬೆ ಕೆಲಸ ನೋಡಿ: ಹಾಲೆ ಮರವನ್ನು ಮೊದಲು ಚೆನ್ನಾಗಿ ಒಣಗಿಸುತ್ತಾರೆ. ಲೇತ್‌ನಲ್ಲಿ ಕಡೆದ ಮೇಲೆ ತಡವೇ ಇಲ್ಲ. ತಿರುಗುವ ಮರಕ್ಕೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಹಿಡಿಯುತ್ತದೆ.

2. ಕೊನೆಯ ಉಜ್ಜು, ಮೊದಲ ಕೋಟ್ ಒಂದೇ ದಿನ
ಈಗಷ್ಟೇ ಉಜ್ಜಿದ ಮೈ ಪಾಲಿಶ್ ಕುಡಿಯಲು ತಯಾರಿರುತ್ತದೆ. ದಿನ ಕಳೆದಂತೆ ಒಳಗಿನ ಎಣ್ಣೆ, ಅಂಟು ಮೇಲೆ ಬರುತ್ತವೆ. ಹೊರಗಿನ ಧೂಳು, ಅಡುಗೆಯ ಜಿಡ್ಡು, ಕೈ ಬೆವರು ಕೂರುತ್ತವೆ.

3. ಹನಿ ಬಿಟ್ಟು ನೋಡಿ
ತಡವಾಗಿದೆಯೇ? ಮರೆಯಾದ ಮೂಲೆಯಲ್ಲಿ ಗೇಣಗಲ ಹೊಸದಾಗಿ ಉಜ್ಜಿ. ಅಲ್ಲೊಂದು, ಪಕ್ಕದ ಹಳೆಯ ಮೈ ಮೇಲೊಂದು ನೀರ ಹನಿ ಬಿಡಿ. ಹೊಸದರಲ್ಲಿ ಹರಡಿ ಇಂಗಿ, ಹಳೆಯದರಲ್ಲಿ ಮುತ್ತಿನಂತೆ ನಿಂತರೆ ಪೂರ್ತಿ ಮತ್ತೆ ಉಜ್ಜಲೇಬೇಕು. 180 ಅಥವಾ 220 ನಂಬರಿನ ಕಾಗದದಲ್ಲಿ ಹಗುರವಾಗಿ ಎಳೆದರೆ ಸಾಕು.

4. ತೇಗಕ್ಕೆ ಇನ್ನಷ್ಟು ಅವಸರ
ತೇಗ ಎಣ್ಣೆಯ ಮರ. ಬಳಿಯುವ ಮುನ್ನ ಬಿಳಿ ಬಟ್ಟೆಯನ್ನು ಥಿನ್ನರ್‌ನಲ್ಲಿ ಅದ್ದಿ ಒರೆಸಿ. ಬಟ್ಟೆ ಕಂದಾಗುವುದು ಕಾಣುತ್ತದೆ. ಥಿನ್ನರ್ ಆರಿದ ಕೂಡಲೇ ಬಳಿಯಿರಿ. ನಾಳೆಗೆ ಬಿಟ್ಟರೆ ಎಣ್ಣೆ ಮತ್ತೆ ಮೇಲೇರುತ್ತದೆ.

5. ಮಳೆಗಾಲದಲ್ಲಿ ರೋಮ ಏಳುತ್ತದೆ
ಕರಾವಳಿ, ಮಲೆನಾಡಿನ ತೇವಕ್ಕೆ ಉಜ್ಜಿದ ಮರದ ನಾರು ಉಬ್ಬಿ ಒರಟಾಗುತ್ತದೆ. ನೀರಿನಲ್ಲಿ ಕಲಸುವ ಪಾಲಿಶ್ ಬಳಿದರಂತೂ ಇನ್ನೂ ಹೆಚ್ಚು. ನೀವೇ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ರಾತ್ರಿ ಒಣಗಲು ಬಿಟ್ಟು, ಎದ್ದ ರೋಮವನ್ನು 220ರಲ್ಲಿ ತೆಗೆಯಿರಿ. ಈ ಒಂದು ರಾತ್ರಿಯ ಕಾಯುವಿಕೆ ಲಾಭದ್ದು.

6. ಗ್ರಿಲ್ ಕೆಲಸ ಮುಗಿಯಲಿ
ಗ್ರೈಂಡರಿನಿಂದ ಹಾರುವ ಕಬ್ಬಿಣದ ಪುಡಿ ಬರಿಮೈ ಮರದ ಮೇಲೆ ಕಣ್ಣಿಗೆ ಬೀಳದು. ತೇವ ತಾಗಿದರೆ ಮರದ ಒಗರಿನೊಂದಿಗೆ ಸೇರಿ ನೀಲಿಗಪ್ಪು ಚುಕ್ಕೆಯಾಗುತ್ತದೆ. ಪಾಲಿಶ್ ಅದನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

7. ಬಿಸಿಲಿಗೆ ಬಿಡಬೇಡಿ
ಬಿಸಿಲು ಮರದ ನಾರುಗಳನ್ನು ಹಿಡಿದಿಟ್ಟ ಲಿಗ್ನಿನ್ ಅನ್ನು ಒಡೆಯುತ್ತದೆ. ಆಗ ಬಣ್ಣ ಹಿಡಿಯುವುದು ಸಡಿಲ ನಾರನ್ನು. ನಾರು ಕಳಚಿದರೆ ಬಣ್ಣವೂ ಕಳಚುತ್ತದೆ. ಹೊರಗೆ ಕೂರಿಸಿದ ಮರಕ್ಕೆ ಎರಡು ವಾರದೊಳಗೆ ಬಣ್ಣ ಬೀಳಬೇಕು ಎಂಬುದು ಅಮೆರಿಕದ ಮ್ಯಾಡಿಸನ್‌ನಲ್ಲಿರುವ ಸರ್ಕಾರಿ ಅರಣ್ಯೋತ್ಪನ್ನ ಪ್ರಯೋಗಾಲಯದ ಸಲಹೆ. ಒಳಗೂ ಎಚ್ಚರ ಬೇಕು: ಹಲಸಿನ ಹಲಗೆಯ ಮೇಲೆ ಏನಾದರೂ ಇಟ್ಟು ಮರೆತರೆ, ಸುತ್ತಲಿನ ಹಳದಿ ಕಂದಾಗಿ ಇಟ್ಟ ವಸ್ತುವಿನ ಅಚ್ಚು ಉಳಿಯುತ್ತದೆ.

ಆದ್ದರಿಂದ ಮೊದಲು ಪಾಲಿಶ್‌ನವರ ದಿನ ಗೊತ್ತುಮಾಡಿಕೊಳ್ಳಿ. ಕೊನೆಯ ಉಜ್ಜಿಗೆ ಬಡಗಿಯನ್ನು ಅದೇ ದಿನ ಬೆಳಿಗ್ಗೆ ಕರೆಯಿರಿ.